ಡಿಸೆಂಬರಿನಲ್ಲಿ ಯಾರೂ ಸೋಲುವುದಿಲ್ಲ

“ಮಾವ, ಚೆಂಡು ನೋಡ್ಬೇಡಿ. ಅಗೋ, ಆ ಮೂಲೇಲಿ ಒಬ್ನೇ ಓಡ್ತಿದಾನಲ್ಲ, ಅವನ್ನ ನೋಡಿ.”

ಅಕ್ಕನ ಮಗ ಹೀಗೆ ಹೇಳಿದಾಗ ನನ್ನ ಕಣ್ಣು ಚೆಂಡಿನ ಮೇಲೇ ಇತ್ತು. ಅಲ್ಲದೆ ಇನ್ನೆಲ್ಲಿರಬೇಕು? ಎದುರಿಗೆ ಹಸಿರು ಹುಲ್ಲಿನ ಮೇಲೆ ಮೂವತ್ತು ನಲವತ್ತು ಮಂದಿ ಗಟ್ಟಿಮುಟ್ಟಾದ ಹುಡುಗರು, ಗಾಳಿಯಲ್ಲಿ ಒಂದೇ ಹೊತ್ತಿಗೆ ಏಳೆಂಟು ಚೆಂಡು. ಮೂಲೆಯವನ ಬಳಿ ಚೆಂಡಿರಲಿಲ್ಲ, ಜೊತೆಗಾರರೂ ಇರಲಿಲ್ಲ. ಸ್ಟಾಪ್‌ವಾಚ್ ಹಿಡಿದ ಒಬ್ಬಾತ ಬಿಳಿ ಗೆರೆಯ ಬಳಿ ನಿಂತಿದ್ದ. ಇವನು ಮೈದಾನವನ್ನು ಒಂದು ಸುತ್ತು ಹಾಕುತ್ತಿದ್ದ, ನಿಲ್ಲುತ್ತಿದ್ದ, ನೀರು ಕುಡಿಯುತ್ತಿದ್ದ, ಮತ್ತೆ ಹೊರಡುತ್ತಿದ್ದ. ಅಷ್ಟೇ. ಇದನ್ನು ನೋಡಲು ನನ್ನ ಸೋದರಳಿಯ, ಹಿಂದಿನ ರಾತ್ರಿ ಒಂದು ಗಂಟೆಗೆ ಕೆಲಸ ಮುಗಿಸಿದವನು, ನಿದ್ದೆಗಣ್ಣಿನಲ್ಲೇ ನನ್ನನ್ನು ಎಬ್ಬಿಸಿ ಕರೆತಂದಿದ್ದ.

ಅದು 2022ರ ಡಿಸೆಂಬರ್ ಮೊದಲ ವಾರ. ಜಾಗ, ಮೆಲ್ಬರ್ನ್ ನಗರದ ಗಾಶಸ್ ಪ್ಯಾಡಕ್. ಹೆಸರು ದೊಡ್ಡದಾಗಿ ಕೇಳಿಸಿದರೂ ಅದೊಂದು ಬಯಲು. ಒಂದು ಬದಿಗೆ ಸೋಪಿನ ಗುಳ್ಳೆಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂಥ ಛಾವಣಿಯ ಆಮಿ ಪಾರ್ಕ್ ಕ್ರೀಡಾಂಗಣ, ಇನ್ನೊಂದು ಬದಿಗೆ ಸ್ವಾನ್ ಸ್ಟ್ರೀಟ್, ಅದರಾಚೆ ರೈಲು ಹಳಿಗಳು, ಹಳಿಗಳಾಚೆ ಮೆಲ್ಬರ್ನ್ ಕ್ರಿಕೆಟ್ ಮೈದಾನ, ಅಂದರೆ ಎಂಸಿಜಿಯ ದೀಪಸ್ತಂಭಗಳು. ಗೇಟಿಲ್ಲ, ಟಿಕೆಟ್ಟಿಲ್ಲ. ನಾಯಿ ಓಡಾಡಿಸುವವರು, ಮಗುವಿನ ಗಾಡಿ ತಳ್ಳುವವರು, ಸೈಕಲ್ಲಿನವರು ಎಲ್ಲರೂ ಹಾದುಹೋಗುವ ಸಾರ್ವಜನಿಕ ಉದ್ಯಾನ. ಅಲ್ಲಿ ತಾಲೀಮು ಮಾಡುತ್ತಿದ್ದದ್ದು ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ ಅತ್ಯಂತ ಹಳೆಯ ತಂಡ, 1858ರಲ್ಲಿ ಹುಟ್ಟಿದ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್. ಕೆಂಪು ನೀಲಿ ಬಣ್ಣ, ‘ಡೀಮನ್ಸ್’ ಎಂಬ ಅಡ್ಡಹೆಸರು. ಇಷ್ಟು ಹಳೆಯ ಮನೆತನಕ್ಕೆ ಸ್ವಂತ ಮನೆಯಿಲ್ಲ. ಕಚೇರಿ ಆಮಿ ಪಾರ್ಕಿನಲ್ಲಿ, ಪಂದ್ಯ ಎಂಸಿಜಿಯಲ್ಲಿ, ತಾಲೀಮು ಊರವರೆಲ್ಲ ತುಳಿಯುವ ಹುಲ್ಲಿನಲ್ಲಿ. ಊರಾಚೆಯ ಕೇಸಿ ಫೀಲ್ಡ್ಸ್‌ನಲ್ಲಿ ಇನ್ನೊಂದು ಠಿಕಾಣಿಯಿದೆ. ಸ್ವಂತ ನೆಲೆಗಾಗಿ ಹುಡುಕಾಟ ವರ್ಷಗಳಿಂದ ನಡೆದೇ ಇದೆ. ಇದು ಕ್ಲಬ್ಬಿಗೆ ತಲೆನೋವು, ಅಭಿಮಾನಿಗೆ ಹಬ್ಬ. ಬೇರೆ ತಂಡಗಳು ಬೇಕಾದಾಗ ಬಾಗಿಲು ಮುಚ್ಚಿಕೊಂಡು ಅಭ್ಯಾಸ ಮಾಡುತ್ತವೆ. ಉದ್ಯಾನಕ್ಕೆ ಬಾಗಿಲು ಹಾಕುವುದು ಹೇಗೆ?

ನನ್ನ ಸೋದರಳಿಯ ಇದಕ್ಕೆ ಸಿಕ್ಕಿಬಿದ್ದದ್ದೂ ಬಾಗಿಲಿಲ್ಲದ್ದರಿಂದಲೇ. ಅವನು ಟ್ರಾಮ್ ಓಡಿಸುತ್ತಾನೆ. 70ನೇ ನಂಬರಿನ ಟ್ರಾಮ್ ಈ ಬಯಲಿನ ಪಕ್ಕದಲ್ಲೇ ಹೋಗುತ್ತದೆ. ಊರಿಗೆ ಹೊಸಬನಾಗಿದ್ದಾಗ ದಿನಕ್ಕೆ ನಾಲ್ಕಾರು ಸಲ ಇದೇ ದಾರಿಯಲ್ಲಿ ಓಡಾಡುತ್ತ, ಸಿಗ್ನಲ್ಲಿಗೆ ಕಾಯುವಾಗ ಕಿಟಕಿಯಾಚೆ ಇವರು ಓಡುವುದು, ಬೀಳುವುದು, ಏಳುವುದು ಕಾಣುತ್ತಿತ್ತಂತೆ. ಪಂದ್ಯ ನೋಡುವುದಕ್ಕೆ ಒಂದು ವರ್ಷ ಮೊದಲೇ ತಾಲೀಮು ನೋಡಿದವನು ಅವನು. ಆಟದ ನಿಯಮ ಗೊತ್ತಾಗುವ ಮುಂಚೆಯೇ ಯಾರ ಎಡಗಾಲು ಸೊಟ್ಟ, ಯಾರು ಓಟ ಮುಗಿದ ಮೇಲೆ ಸೊಂಟ ಹಿಡಿದು ಬಾಗುತ್ತಾನೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು.

ಆಟದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಇಲ್ಲಿನವರು ಇದನ್ನು ‘ಫುಟಿ’ ಎನ್ನುತ್ತಾರೆ. ಚೆಂಡು ದುಂಡಗಿಲ್ಲ, ಮಾಗಿದ ಪಪ್ಪಾಯಿಯ ಹಾಗೆ ನೀಳ. ಮೈದಾನವೂ ಕ್ರಿಕೆಟ್ಟಿನದರಂತೆ ಅಂಡಾಕಾರ, ಉದ್ದ 135ರಿಂದ 185 ಮೀಟರ್. ಒಂದು ಕಡೆಗೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲು, ಆರು ಅಂಕ. ಸ್ವಲ್ಪ ಆಚೀಚೆ ಹೋಗಿ ಅಂಚಿನ ಕಂಬಗಳ ನಡುವೆ ತೂರಿದರೆ ಒಂದು ಅಂಕ. ಗುರಿ ತಪ್ಪಿದ್ದಕ್ಕೂ ಅಂಕ ಕೊಡುವ ಧಾರಾಳತನ ಬೇರೆ ಯಾವ ಆಟದಲ್ಲಿದೆಯೋ ಕಾಣೆ. ಚೆಂಡನ್ನು ಎಸೆಯುವಂತಿಲ್ಲ. ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು. ಹಿಡಿದುಕೊಂಡು ಓಡಬಹುದು, ಆದರೆ ಹದಿನೈದು ಮೀಟರಿಗೊಮ್ಮೆ ನೆಲಕ್ಕೆ ಪುಟಿಸಬೇಕು. ನೀಳ ಚೆಂಡನ್ನು ಓಡುತ್ತ ಪುಟಿಸಿ ಮತ್ತೆ ಕೈಗೆ ಬರಿಸಿಕೊಳ್ಳುವುದೆಂದರೆ ಏನೆಂದು ತಿಳಿಯಬೇಕಾದರೆ ಒಮ್ಮೆ ಮಾಡಿ ನೋಡಬೇಕು. ನಾನು ಮಾಡಿದೆ. ಚೆಂಡು ಬೆದರಿದ ಮೊಲದಂತೆ ಎತ್ತಲೋ ನೆಗೆದು ಹೋಯಿತು. ದೂರದಿಂದ ಒದ್ದು ಬಂದ ಚೆಂಡನ್ನು ಯಾರಾದರೂ ಗಾಳಿಯಲ್ಲೇ ಹಿಡಿದರೆ ಅದು ‘ಮಾರ್ಕ್’. ಅವನನ್ನು ಯಾರೂ ಮುಟ್ಟುವಂತಿಲ್ಲ, ನಿಂತು ಸಾವಧಾನವಾಗಿ ಒದೆಯಬಹುದು. ಆಫ್‌ಸೈಡ್ ಎಂಬುದಿಲ್ಲ. ಹಾಗಾಗಿ ಆಟ ನಾಲ್ಕೂ ದಿಕ್ಕಿಗೆ ಹರಡುತ್ತದೆ, ಆಟಗಾರ ಒಂದು ಪಂದ್ಯದಲ್ಲಿ ಹನ್ನೆರಡರಿಂದ ಹದಿನೈದು ಕಿಲೋಮೀಟರ್ ಓಡುತ್ತಾನೆ. ನಡುನಡುವೆ ಇನ್ನೊಬ್ಬನ ಮೈಗೆ ಢೀ ಕೊಡುತ್ತ.

ಇಂಥ ಆಟಕ್ಕೆ ಮೈ ಅಣಿಯಾಗಲು ತಿಂಗಳುಗಳು ಬೇಕು. ಹಂಗಾಮು ಮಾರ್ಚಿನಲ್ಲಿ ಶುರುವಾಗಿ ಸೆಪ್ಟೆಂಬರಿನ ಕೊನೆಯ ಶನಿವಾರ ಎಂಸಿಜಿಯಲ್ಲಿ ಒಂದು ಲಕ್ಷ ಜನರ ಮುಂದೆ ಮುಗಿಯುತ್ತದೆ. ಅಕ್ಟೋಬರ್ ರಜೆ. ನವೆಂಬರಿನಲ್ಲಿ ಮೊದಲು ಎಳೆಯರು, ಅಂದರೆ ಕ್ಲಬ್ಬಿಗೆ ಸೇರಿ ನಾಲ್ಕು ವರ್ಷ ತುಂಬದವರು ಬರುತ್ತಾರೆ. ಹಿರಿಯರಿಗೆ ಇನ್ನೊಂದಿಷ್ಟು ದಿನ ಬಿಡುವು. ಕ್ರಿಸ್‌ಮಸ್ಸಿಗೆ ಎರಡು ಮೂರು ವಾರ ಮನೆಗೆ. ಜನವರಿಯ ಸುಡುಬಿಸಿಲಿನಲ್ಲಿ ಮತ್ತೆ ಹಾಜರು. ಇಡೀ ಬೇಸಿಗೆ ಹೀಗೆ ಕಳೆಯುತ್ತದೆ. ನಾವು ನಿಂತಿದ್ದು ಎಳೆಯರ ಜೊತೆ ಹಿರಿಯರೂ ಕೂಡಿಕೊಂಡ ದಿನಗಳಲ್ಲಿ. ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಹತ್ತಕ್ಕೆ ದಕ್ಷಿಣದ ಸಮುದ್ರದ ಕಡೆಯಿಂದ ಗಾಳಿ ತಿರುಗಿ, ನಾನು ಸ್ವೆಟರಿಗಾಗಿ ಕಾರಿಗೆ ಹೋಗಿಬಂದೆ. ಈ ಊರಿನ ಹವೆಯೇ ಹಾಗೆ.

ಗೆರೆಯ ಆಚೆ ಒಟ್ಟು ಇಪ್ಪತ್ತು ಮಂದಿ ಇದ್ದೆವೇನೋ. ಮಡಿಚುವ ಕುರ್ಚಿ ತಂದಿದ್ದ ಇಬ್ಬರು ಹೆಂಗಸರು, ಉದ್ದ ಲೆನ್ಸಿನ ಕ್ಯಾಮೆರಾದವನೊಬ್ಬ, ಶಾಲೆಗೆ ಚಕ್ಕರ್ ಹೊಡೆದಂತೆ ಕಾಣುವ ಒಬ್ಬ ಹುಡುಗ, ಕಂದು ನಾಯಿಯ ಜೊತೆ ಒಬ್ಬ ಮುದುಕ. ಇವರಿಗೆ ಇಲ್ಲಿ ‘ಟ್ರ್ಯಾಕ್ ವಾಚರ್’ ಎಂದು ಹೆಸರು. ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಕೂಗುವುದಿಲ್ಲ. ದೇವಸ್ಥಾನದಲ್ಲಿ ಅಲಂಕಾರ ಮುಗಿಯಲು ಕಾಯುವ ಜನರ ಹಾಗೆ ಪಿಸುಮಾತು. ಹೆಸರುಗಳ ಲೆಕ್ಕ ಮಾತ್ರ ಬಿಡದೆ ನಡೆದಿತ್ತು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಬಂದವರಲ್ಲಿ ಯಾರು ಬೂಟು ಬಿಟ್ಟು ಓಟದ ಶೂ ಹಾಕಿದ್ದಾರೆ. ಶೂ ಹಾಕಿದ್ದರೆ ಅವನು ಇವತ್ತು ಚೆಂಡಿನ ಆಟಕ್ಕಿಲ್ಲ, ಬರೀ ಓಟ. ಓಟವೂ ಇಲ್ಲದೆ ಸೈಕಲ್ ತುಳಿಯುತ್ತಿದ್ದರೆ ಮುಖ ಸಣ್ಣದಾಗಬೇಕು. ‘ಇವತ್ತು ಇವನನ್ನು ಮ್ಯಾನೇಜ್ ಮಾಡುತ್ತಿದ್ದಾರೆ’ ಎಂಬುದು ಕ್ಲಬ್ಬುಗಳ ನಯವಾದ ಮಾತು. ಎಲ್ಲೋ ನೋವಿದೆ, ಎಲ್ಲಿ ಎಂದು ಹೇಳುವುದಿಲ್ಲ ಎಂದು ಅದರ ಅರ್ಥ.

ಮೂಲೆಯಲ್ಲಿ ಓಡುವವನನ್ನು ನೋಡು ಎಂದದ್ದು ಅದಕ್ಕೆ. ಆಡುತ್ತಿರುವ ಮೂವತ್ತು ಮಂದಿಯ ಬಗ್ಗೆ ಚಿಂತೆಯಿಲ್ಲ, ಅವರು ಆಡುತ್ತಿದ್ದಾರೆ. ಮುಂದಿನ ಸೆಪ್ಟೆಂಬರಿನ ಗತಿ ನಿಂತಿರುವುದು ಓಡುತ್ತಿರುವ ಆ ಒಬ್ಬನ ತೊಡೆಯ ಹಿಂದಿನ ಸ್ನಾಯುವಿನ ಮೇಲೆ. ಈ ಲೀಗಿನಲ್ಲಿ ಅತಿ ಹೆಚ್ಚು ಕಾಡುವ ಗಾಯ ಅದೇ, ಹ್ಯಾಮ್‌ಸ್ಟ್ರಿಂಗ್. ಪಂದ್ಯ ನೋಡುವವನು ಇರುವುದನ್ನು ನೋಡುತ್ತಾನೆ. ತಾಲೀಮು ನೋಡುವವನು ಇಲ್ಲದ್ದನ್ನು ನೋಡಬೇಕು. ಇದು ನನ್ನ ತಲೆಗೆ ಹೋಗಲು ಅರ್ಧ ಗಂಟೆ ಹಿಡಿಯಿತು.

ಅಷ್ಟರಲ್ಲಿ ಕಿವಿ ಕೆಲಸ ಮಾಡತೊಡಗಿತ್ತು. ಟಿವಿಯಲ್ಲಿ ಈ ಆಟದ ಸದ್ದು ಎಂದರೆ ಜನರ ಸದ್ದು. ಇಲ್ಲಿ ಜನವಿಲ್ಲ. ಹಾಗಾಗಿ ಚೆಂಡಿನ ಸದ್ದು ನಿಚ್ಚಳವಾಗಿ ಕೇಳುತ್ತದೆ. ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಎಳೆಯ ಹುಡುಗ ಒದೆಯುತ್ತಿದ್ದ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ತುದಿ ನೆಲಕ್ಕೆ ನೇರವಾಗಿರುವಂತೆ ತೊಡೆಯ ಮುಂದೆ ತಂದು, ಬಲಗೈಯಿಂದ ಬಿಡುತ್ತಾನೆ. ಎಸೆಯುವುದಿಲ್ಲ, ಬಿಡುತ್ತಾನೆ. ಮೊಣಕಾಲಿನಿಂದ ಪಾದಕ್ಕೆ ಬೀಳುವ ಆ ಕ್ಷಣದಲ್ಲಿ ಚೆಂಡು ಒಂದಿಷ್ಟೂ ವಾಲಬಾರದು. ಪಾದದ ಮೇಲ್ಭಾಗ ಕೆಳತುದಿಗೆ ತಾಗಿದರೆ ‘ಥಪ್’ ಎಂದು ಒಣಗಿದ, ಚಿಕ್ಕ ಸದ್ದು. ಚೆಂಡು ಹಿಮ್ಮುಖವಾಗಿ ತಿರುಗುತ್ತ, ದಾರ ಕಟ್ಟಿ ಎಳೆದಂತೆ ನೆಟ್ಟಗೆ ಹೋಗುತ್ತದೆ. ಇದು ಡ್ರಾಪ್ ಪಂಟ್, ಈ ಆಟದ ಅ ಆ ಇ ಈ. ಸ್ವಲ್ಪ ವಾಲಿದರೆ ಸದ್ದು ‘ಢುಬ್’ ಎಂದು ಒದ್ದೆಯಾಗುತ್ತದೆ, ಚೆಂಡು ಕುಡುಕನಂತೆ ತೂರಾಡುತ್ತದೆ. ಆ ಹುಡುಗ ಹತ್ತರಲ್ಲಿ ಎಂಟನ್ನು ಥಪ್ ಎನ್ನಿಸುತ್ತಿದ್ದ. ಎರಡು ಢುಬ್ ಆದಾಗ ಯಾರೂ ಬೈಯಲಿಲ್ಲ. ಅವನೇ ಪಾದವನ್ನು ನೋಡಿಕೊಂಡ, ಪಾದ ಬೇರೆಯವರದೇನೋ ಎಂಬಂತೆ.

ಚೆಂಡಿನ ಜೊತೆ ಮಾತಿನ ಸದ್ದು. ಮೈದಾನದೊಳಗಿನವರು ಕ್ಷಣ ಬಿಡದೆ ಕೂಗುತ್ತಿರುತ್ತಾರೆ. ಹಿಂದಿದ್ದಾನೆ, ಎಡಕ್ಕೆ, ಟೈಮಿದೆ, ತಿರುಗು. ಮಾತನಾಡುವುದೂ ತಾಲೀಮಿನ ಭಾಗ. ಬೆನ್ನ ಹಿಂದೆ ಕಣ್ಣಿಲ್ಲದವನಿಗೆ ಗೆಳೆಯನ ಗಂಟಲೇ ಕಣ್ಣು. ಮೊದಲ ವಾರ ಬಂದ ಎಳೆಯರ ದನಿ ಮಾತ್ರ ಏಳುವುದಿಲ್ಲ. ಮುದುಕನ ಪ್ರಕಾರ ಹೊಸ ಹುಡುಗ ಒಳಗಿನವನಾದದ್ದು ಗೊತ್ತಾಗುವುದು ಅವನು ಹಿರಿಯನೊಬ್ಬನ ಮೇಲೆ ಮೊದಲ ಸಲ ಗದರಿದ ದಿನ. ಚೆನ್ನಾಗಿ ಒದ್ದ ದಿನವಲ್ಲ.

ಚೆಂಡಿನ ವಿಷಯ ಬಂದಾಗ ನಮಗೆ ತಾಗುವ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಪುಟ್ಟ ಮಕ್ಕಳ ಆಟಕ್ಕೆ ಹಂಚುವ ಅಗ್ಗದ ಚೆಂಡುಗಳನ್ನು ನಮ್ಮ ಜಲಂಧರಿನ ಮನೆಗಳಲ್ಲಿ ಮಕ್ಕಳೇ ಹೊಲಿಯುತ್ತಿದ್ದಾರೆ ಎಂಬ ವರದಿ 2012ರಲ್ಲಿ ಇಲ್ಲಿನ ಪತ್ರಿಕೆಗಳಲ್ಲಿ ಬಂದು ದೊಡ್ಡ ಗದ್ದಲವಾಗಿತ್ತು. ಚೆಂಡಿನೊಳಗೆ ಸೂಜಿ ಸಿಕ್ಕಿದ ಮೇಲೆ ಅವನ್ನು ಹಿಂದಕ್ಕೆ ಕರೆಸಿಕೊಂಡರು. ಒಂದು ಮಗು ಆಡಲು, ಇನ್ನೊಂದು ಹೊಲಿಯಲು. ಸೋದರಳಿಯನ ಆರು ವರ್ಷದ ಮಗಳ ಬಳಿ ಈಗ ಅಂಥದೊಂದು ಚೆಂಡಿದೆ. ನಾನು ಅದರ ಹೊಲಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದೆ, ಹೊಲಿಗೆ ಏನೂ ಹೇಳಲಿಲ್ಲ.

ಆಟಗಾರರ ಅಂಗಿಯ ಹಿಂದೆ, ಎರಡು ಭುಜಗಳ ನಡುವೆ, ಬೆಂಕಿಪೊಟ್ಟಣದಷ್ಟು ಉಬ್ಬು. ಮೊದಲು ಗಾಯದ ಪಟ್ಟಿ ಎಂದುಕೊಂಡೆ. ಅದು ಜಿಪಿಎಸ್ ಯಂತ್ರ. ಇಂಥವನ್ನು ಮಾಡಿ ಜಗತ್ತಿಗೆಲ್ಲ ಮಾರುವ ಕ್ಯಾಟಪುಲ್ಟ್ ಕಂಪನಿ 2006ರಲ್ಲಿ ಇದೇ ಮೆಲ್ಬರ್ನ್‌ನಲ್ಲಿ ಶುರುವಾದದ್ದು. ಯಾರು ಎಷ್ಟು ಓಡಿದ, ಎಷ್ಟು ವೇಗದಲ್ಲಿ, ಎಷ್ಟು ಸಲ ಗಕ್ಕನೆ ನಿಂತ ಎಂಬುದೆಲ್ಲ ಗೆರೆಯ ಬಳಿ ಕುಳಿತವನ ಪರದೆಗೆ ಬರುತ್ತದೆ. ಅವನು ಕೈಯೆತ್ತಿದರೆ ಒಬ್ಬ ಆಟಗಾರ ನಡುವಿನಿಂದಲೇ ಹೊರನಡೆಯಬೇಕು, ದಣಿವಿಲ್ಲದಿದ್ದರೂ. ಎದೆ ಮತ್ತು ಉಸಿರು ಬೇಗ ಪಳಗುತ್ತವೆ, ಸ್ನಾಯು ಆಮೇಲೆ, ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜು ಎಲ್ಲಕ್ಕಿಂತ ನಿಧಾನ. ಉಸಿರು ಹೂಂ ಎಂದಿತೆಂದು ಓಡಿದರೆ ರಜ್ಜು ಹರಿಯುತ್ತದೆ. ವಾರದಿಂದ ವಾರಕ್ಕೆ ಅಳೆದು ಸುರಿದು ಭಾರ ಏರಿಸುವುದು ಅದಕ್ಕೆ. ಹಿಂದೆ ಈ ಲೆಕ್ಕ ಇರಲಿಲ್ಲ. ಆಟಗಾರರು ಕಾರ್ಖಾನೆ, ಅಂಗಡಿ, ಬ್ಯಾಂಕುಗಳಲ್ಲಿ ದುಡಿದು ಮಂಗಳವಾರ, ಗುರುವಾರದ ಸಂಜೆ ಬಂದು ಅಭ್ಯಾಸ ಮಾಡುತ್ತಿದ್ದರು. ಬೇಸಿಗೆಯಲ್ಲಿ ಹಲವರು ಕ್ರಿಕೆಟ್ ಆಡುತ್ತಿದ್ದರು. ಮೈದಾನಗಳೂ ಆಗ ಕ್ರಿಕೆಟ್ಟಿನ ಕೈಯಲ್ಲಿರುತ್ತಿದ್ದವು.

ಕ್ರಿಕೆಟ್ಟಿನ ನಂಟು ಇನ್ನೂ ಹಿಂದಿನದು. ಈ ಆಟ ಹುಟ್ಟಿದ್ದೇ ಇನ್ನೊಂದು ಆಟದ ತಾಲೀಮಾಗಿ. 1858ರ ಜುಲೈ 10ರ ‘ಬೆಲ್ಸ್ ಲೈಫ್ ಇನ್ ವಿಕ್ಟೋರಿಯಾ’ ಪತ್ರಿಕೆಯಲ್ಲಿ ಟಾಮ್ ವಿಲ್ಸ್ ಎಂಬ ಹೆಸರಾಂತ ಕ್ರಿಕೆಟಿಗನ ಪತ್ರ ಅಚ್ಚಾಯಿತು. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ಮನೆ ಕೂತು ಮೈ ಜಡ್ಡುಗಟ್ಟಿಸಿಕೊಳ್ಳುವ ಬದಲು ಒಂದು ಫುಟ್‌ಬಾಲ್ ಕ್ಲಬ್ ಕಟ್ಟಬಾರದೇಕೆ, ತುಳಿತದಿಂದ ಕ್ರಿಕೆಟ್ ಮೈದಾನದ ನೆಲವೂ ಗಟ್ಟಿಯಾಗುತ್ತದೆ ಎಂಬುದು ಅದರ ತಾತ್ಪರ್ಯ. ಅದಾಗದಿದ್ದರೆ ಬಂದೂಕಿನ ಕ್ಲಬ್ಬಾದರೂ ಆದೀತು ಎಂದೂ ಬರೆದಿದ್ದ. ಜನ ಚೆಂಡನ್ನೇ ಆರಿಸಿಕೊಂಡದ್ದು ಪುಣ್ಯ. ಮುಂದಿನ ತಿಂಗಳು, ಆಗಸ್ಟ್ 7ರಂದು, ಈಗ ಎಂಸಿಜಿ ಇರುವ ಉದ್ಯಾನದಲ್ಲಿ ಎರಡು ಶಾಲೆಗಳ ನಡುವೆ ಒಂದು ಪಂದ್ಯ ನಡೆಯಿತು. ಒಂದೊಂದು ಕಡೆಗೆ 40 ಹುಡುಗರು, ನಡುವೆ ಮರಗಳು. ಮೂರು ಶನಿವಾರ ಆಡಿದರೂ ತೀರ್ಮಾನವಾಗಲಿಲ್ಲ. ಅಂಪೈರುಗಳಲ್ಲಿ ಒಬ್ಬ ವಿಲ್ಸ್, ಇನ್ನೊಬ್ಬ ಜಾನ್ ಮೆಕ್ಯಾಡಮ್. ಈಗ ದುಬಾರಿ ಅಂಗಡಿಗಳಲ್ಲಿ ಸಿಗುವ ಮೆಕಡೇಮಿಯ ಬೀಜಕ್ಕೆ ಇವನದೇ ಹೆಸರು. 1859ರ ಮೇ 17ರಂದು ಮೆಲ್ಬರ್ನ್ ಕ್ಲಬ್ಬಿನವರು ಒಂದು ಹೋಟೆಲಿನಲ್ಲಿ ಕೂತು ನಿಯಮ ಬರೆದರು.

ವಿಲ್ಸ್ ಬೆಳೆದದ್ದು ಪಶ್ಚಿಮ ವಿಕ್ಟೋರಿಯಾದಲ್ಲಿ, ಅಲ್ಲಿನ ಮೂಲನಿವಾಸಿ ಜಾಪ್ ವುರುಂಗ್ ಮಕ್ಕಳ ಜೊತೆ, ಅವರ ಭಾಷೆ ಆಡುತ್ತ. ಪಾಸಮ್ ಎಂಬ ಪ್ರಾಣಿಯ ಚರ್ಮದ ಚೆಂಡನ್ನು ಒದ್ದು, ನೆಗೆದು ಹಿಡಿಯುವ ಆಟ ಆ ಜನರಲ್ಲಿತ್ತು. ಅದರ ನೆರಳು ಫುಟಿಯ ಮೇಲೆ ಬಿದ್ದಿದೆಯೇ ಎಂಬ ಬಗ್ಗೆ ಇತಿಹಾಸಕಾರರು ಇಂದಿಗೂ ಕಿತ್ತಾಡುತ್ತಾರೆ. ನೆಗೆದು ಮಾರ್ಕ್ ಹಿಡಿಯುವುದನ್ನು ನೋಡುತ್ತಿದ್ದರೆ, ಇಂಗ್ಲೆಂಡಿನ ಯಾವುದೋ ಶಾಲೆಯ ಕೆಸರಿನಲ್ಲಿ ಹುಟ್ಟಿದ ಚಲನೆ ಅದಲ್ಲ ಎಂದು ನನಗನ್ನಿಸುತ್ತದೆ. ಅನ್ನಿಸಿಕೆಗೆ ಪುರಾವೆಯ ಬೆಲೆ ಇಲ್ಲವೆಂಬುದು ಗೊತ್ತು.

ಒಟ್ಟಿನಲ್ಲಿ ಕ್ರಿಕೆಟ್ಟಿನ ಬಿಡುವಿನಲ್ಲಿ ಮೈ ಬಳಕಲೆಂದು ಹುಟ್ಟಿದ ವ್ಯಾಯಾಮ ತಾನೇ ದೊಡ್ಡ ಆಟವಾಯಿತು. ಈಗ ಅದಕ್ಕೂ ಒಂದು ಬಿಡುವಿನ ಕಾಲ, ಆ ಬಿಡುವಿಗೂ ಒಂದು ವ್ಯಾಯಾಮ, ಆ ವ್ಯಾಯಾಮಕ್ಕೂ ಪ್ರೇಕ್ಷಕರು. ಅದೂ ಕ್ರಿಕೆಟ್ಟಿನ ತಿಂಗಳುಗಳಲ್ಲೇ. ಹಳಿಗಳಾಚೆಯ ಎಂಸಿಜಿಯಲ್ಲಿ ಇನ್ನು ಮೂರು ವಾರಕ್ಕೆ ಬಾಕ್ಸಿಂಗ್ ಡೇ ಟೆಸ್ಟ್. ಅಲ್ಲಿನ ಕ್ರಿಕೆಟ್ ಪಿಚ್ ಕೂಡ ಈಗ ಬೇರೆಡೆ ಬೆಳೆಸಿ ತಂದು ಕೂರಿಸುವಂಥದ್ದು. ಫುಟಿ ಬರುತ್ತಲೇ ಕಿತ್ತು ಒಯ್ಯುತ್ತಾರೆ. ಒಡೆಯ ಬಾಡಿಗೆದಾರನಾಗಿದ್ದಾನೆ.

ಆ ದೀಪಸ್ತಂಭಗಳನ್ನು ನೋಡಿದಾಗ ನನ್ನ ವಯಸ್ಸಿನ ಕನ್ನಡಿಗನಿಗೆ ನೆನಪಾಗುವುದು ಒಬ್ಬರೇ. 1977ರ ಡಿಸೆಂಬರ್ 30ಕ್ಕೆ ಶುರುವಾದ ಟೆಸ್ಟಿನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸಿನಲ್ಲಿ 52 ರನ್ನಿಗೆ ಆರಾರು ವಿಕೆಟ್ ಕಿತ್ತರು. ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಪೋಲಿಯೊ ಬಾಧಿಸಿದ ಕೈಯಿಂದ. ಮುದುಕನಿಗೆ ಇದನ್ನು ಹೇಳಿದೆ. ಅವನು ಸೌಜನ್ಯದಿಂದ ತಲೆಯಾಡಿಸಿದ, ಕಣ್ಣು ಮೂಲೆಯ ಓಟಗಾರನ ಮೇಲಿಂದ ಕದಲಲಿಲ್ಲ. ಅವನ ಬಾಯಲ್ಲಿ ‘ಐದು’ ಎಂಬ ಸದ್ದು ಹೊರಟಿತು. ಸುತ್ತು ಎಣಿಸುತ್ತಿದ್ದ.

ಈ ಮುದುಕನ ಕತೆಯೇ ಒಂದು ಪುರಾಣ. 1964ರಲ್ಲಿ ಅವನಿಗೆ ಒಂಬತ್ತು ವರ್ಷ. ಆ ವರ್ಷದ ಫೈನಲ್ಲಿನಲ್ಲಿ ಮೆಲ್ಬರ್ನ್ ತಂಡ ಕಾಲಿಂಗ್‌ವುಡ್ ತಂಡವನ್ನು ನಾಲ್ಕೇ ಅಂಕದಿಂದ ಸೋಲಿಸಿತು. ಗೆಲುವಿನ ಗೋಲು ಒದ್ದವನು ನೀಲ್ ಕ್ರಾಂಪ್ಟನ್ ಎಂಬ ರಕ್ಷಣಾ ಆಟಗಾರ, ಆ ತುದಿಗೆ ಬರಬೇಕಾದವನೇ ಅಲ್ಲ. ಹತ್ತು ವರ್ಷಗಳಲ್ಲಿ ಆರನೇ ಕಪ್ಪು. ಅಪ್ಪನ ಹೆಗಲ ಮೇಲಿದ್ದ ಹುಡುಗನಿಗೆ ಇದು ಪ್ರತಿ ವರ್ಷದ ಮಾತು ಅನ್ನಿಸಿದ್ದರೆ ತಪ್ಪೇನಿದೆ. ಮರುವರ್ಷ ಹಂಗಾಮಿನ ನಡುವೆ ಆಡಳಿತ ಮಂಡಳಿ ಕೋಚ್ ನಾರ್ಮ್ ಸ್ಮಿತ್‌ನನ್ನು ಕಿತ್ತುಹಾಕಿತು. ಆರೂ ಕಪ್ಪು ತಂದುಕೊಟ್ಟವನನ್ನು! ಗದ್ದಲವಾಗಿ ವಾರದೊಳಗೆ ಮತ್ತೆ ಕರೆದರೂ ಒಡೆದ ಮಡಕೆ ಕೂಡಲಿಲ್ಲ. 1964ರ ನಂತರ 57 ವರ್ಷ ಕಪ್ಪಿಲ್ಲ. ಜನ ಅದಕ್ಕೆ ನಾರ್ಮ್ ಸ್ಮಿತ್ ಶಾಪ ಎಂದೇ ಹೆಸರಿಟ್ಟರು. 1996ರಲ್ಲಿ ಕ್ಲಬ್ ಹಾಥಾರ್ನ್ ತಂಡದಲ್ಲಿ ವಿಲೀನವಾಗುವ ಅಂಚಿಗೆ ಬಂತು. ಮೆಲ್ಬರ್ನ್‌ನ ಸದಸ್ಯರು ಕಡಿಮೆ ಅಂತರದಿಂದ ಹೂಂ ಎಂದೂಬಿಟ್ಟಿದ್ದರು. ಉಳಿಸಿದ್ದು ಹಾಥಾರ್ನ್‌ನವರ ಒಲ್ಲೆ.

ಆ ಎಲ್ಲ ವರ್ಷಗಳಲ್ಲೂ ಡಿಸೆಂಬರ್ ಬರುತ್ತಿತ್ತು. ಡಿಸೆಂಬರಿನಲ್ಲಿ ಯಾರೂ ಸೋಲುವುದಿಲ್ಲವಲ್ಲ. ಅಂಕಪಟ್ಟಿಯಲ್ಲಿ ಹದಿನೆಂಟು ತಂಡಗಳ ಮುಂದೂ ಸೊನ್ನೆ. ಹುಡುಗರೆಲ್ಲ ಚುರುಕು, ಎಲ್ಲರೂ ಮೂರು ಕಿಲೋ ಇಳಿದಿದ್ದಾರೆ, ಎಲ್ಲರ ಓಟದ ಸಮಯವೂ ಉತ್ತಮವಾಗಿದೆ. ಕ್ಲಬ್ಬಿನವರು ಸದಸ್ಯತ್ವ ನವೀಕರಿಸಿ ಎಂದು ಕರೆ ಮಾಡುವುದೂ ಇದೇ ತಿಂಗಳುಗಳಲ್ಲಿ, ಆಸೆ ಬಿಸಿಯಾಗಿರುವಾಗ. ಇದರಲ್ಲಿ ಮಾರಾಟವಿದೆ ಎಂದು ನನ್ನ ಸೋದರಳಿಯನಿಗೂ ಗೊತ್ತು, ಕಾರ್ಡು ಉಜ್ಜುವಾಗ ನಗುತ್ತಾನೆ. ಆದರೆ ಆಸೆ ಬರೀ ಪೊಳ್ಳೂ ಅಲ್ಲ. 1986ರಿಂದ ಇಲ್ಲಿ ‘ಡ್ರಾಫ್ಟ್’ ಎಂಬ ಪದ್ಧತಿಯಿದೆ. ದೇಶದ ಹದಿನೆಂಟರ ವಯಸ್ಸಿನ ಪ್ರತಿಭಾವಂತ ಹುಡುಗರನ್ನು ಕ್ಲಬ್ಬುಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ, ಆಗಷ್ಟೇ ಮುಗಿದ ಹಂಗಾಮಿನಲ್ಲಿ ಕೊನೆಯಲ್ಲಿದ್ದವರಿಗೆ ಮೊದಲ ಆಯ್ಕೆ. ಸಂಬಳಕ್ಕೂ ಮಿತಿ. ದುಡ್ಡಿನ ಚೀಲ ಬಿಚ್ಚಿ ಇಡೀ ತಂಡವನ್ನೇ ಕೊಂಡುಬಿಡುವ ಯುರೋಪಿನ ಕಾಲ್ಚೆಂಡಿನ ಆಟ ಇಲ್ಲಿ ನಡೆಯದು. ಬಿದ್ದವನನ್ನು ಎತ್ತುವುದು ನಿಯಮದಲ್ಲೇ ಇದೆ. ಡ್ರಾಫ್ಟ್ ನಡೆಯುವುದು ನವೆಂಬರ್ ಕೊನೆಗೆ. ಮರುವಾರವೇ ಆ ಹುಡುಗರು ಗಾಶಸ್ ಪ್ಯಾಡಕ್ಕಿನ ಹುಲ್ಲಿನ ಮೇಲೆ. ಹೊಸ ಸೊಸೆಯನ್ನು ನೋಡುವ ಕುತೂಹಲ ಟ್ರ್ಯಾಕ್ ವಾಚರುಗಳಿಗೆ.

ಹೊಸಬರಲ್ಲಿ ಎಂದೆಂದಿಗೂ ನೆನೆಯುವ ಹೆಸರು ಜಿಮ್ ಸ್ಟೈನ್ಸ್. 1984ರಲ್ಲಿ ಐರ್ಲೆಂಡಿನಿಂದ ಕರೆತಂದ ಹುಡುಗ. ಅವನು ಅಲ್ಲಿ ಆಡುತ್ತಿದ್ದದ್ದು ದುಂಡು ಚೆಂಡಿನ ಗೇಲಿಕ್ ಫುಟ್‌ಬಾಲ್. ನೀಳ ಚೆಂಡನ್ನು ಒಲಿಸಿಕೊಂಡದ್ದು ಇಂಥ ತಾಲೀಮುಗಳಲ್ಲೇ. 1987ರಲ್ಲಿ, ಫೈನಲ್ಲಿಗೆ ಹೋಗಬೇಕಿದ್ದ ಪಂದ್ಯದ ಕೊನೇ ಗಳಿಗೆಯಲ್ಲಿ, ಒದೆಯಲು ನಿಂತವನ ಮುಂದಿನ ಜಾಗ ದಾಟಿ ಓಡಿಬಿಟ್ಟ. ತಪ್ಪಿಗೆ ದಂಡವಾಗಿ ಎದುರಾಳಿಗೆ 15 ಮೀಟರ್ ಹತ್ತಿರ ಸಿಕ್ಕಿತು, ಸೈರನ್ ಆದ ಮೇಲೆ ಗೋಲಾಯಿತು, ಮೆಲ್ಬರ್ನ್ ಎರಡು ಅಂಕದಿಂದ ಸೋತಿತು. ಬೇರೆಯವನಾಗಿದ್ದರೆ ಹಡಗು ಹತ್ತುತ್ತಿದ್ದ. ಸ್ಟೈನ್ಸ್ ಆ ವರ್ಷದಿಂದ ಶುರುಮಾಡಿ ಒಂದೂ ತಪ್ಪಿಸದೆ 244 ಪಂದ್ಯ ಆಡಿದ. 1991ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನ ಬ್ರೌನ್‌ಲೋ ಪದಕ ಗೆದ್ದ. 2008ರಲ್ಲಿ ಸಾಲದಲ್ಲಿ ಮುಳುಗಿದ್ದ ಕ್ಲಬ್ಬಿನ ಅಧ್ಯಕ್ಷನಾಗಿ, ಕ್ಯಾನ್ಸರಿನೊಂದಿಗೆ ಗುದ್ದಾಡುತ್ತಲೇ ಅದನ್ನು ದಡ ಸೇರಿಸಿ, 2012ರಲ್ಲಿ ತೀರಿಕೊಂಡ. ಅವನ ಹೆಸರೆತ್ತಿದಾಗ ಮಾತ್ರ ಮುದುಕ ಓಟಗಾರನಿಂದ ಕಣ್ಣು ತೆಗೆದ.

ಕಪ್ಪು ಕೊನೆಗೂ ಬಂದದ್ದು 2021ರಲ್ಲಿ. ಅದೂ ಎಂಥ ವಿಡಂಬನೆ. ಕೋವಿಡ್‌ನಿಂದಾಗಿ ಫೈನಲ್ ದೇಶದ ಇನ್ನೊಂದು ತುದಿಯ ಪರ್ತ್‌ನಲ್ಲಿ. ಮೂರನೇ ಕ್ವಾರ್ಟರಿನಲ್ಲಿ 19 ಅಂಕ ಹಿಂದಿದ್ದ ತಂಡ 74 ಅಂಕದಿಂದ ಗೆದ್ದಿತು. 57 ವರ್ಷ ಕಾದ ಊರು ಲಾಕ್‌ಡೌನ್‌ನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಮುದುಕ ತನ್ನ ಅಡುಗೆಮನೆಯಲ್ಲಿ, ನಾಯಿಯ ಜೊತೆ ನೋಡಿದನಂತೆ. ಹೊರಗೆ ಬಂದು ರಸ್ತೆಯಲ್ಲಿ ನಿಂತನಂತೆ. ಯಾರೂ ಇರಲಿಲ್ಲ. ಎದುರುಮನೆಯವರು ಕಾಲಿಂಗ್‌ವುಡ್‌ನವರು.

2022ರಲ್ಲಿ ಅಂಕಪಟ್ಟಿಯಲ್ಲಿ ಎರಡನೇ ಸ್ಥಾನ, ಆಮೇಲೆ ಫೈನಲ್ಸ್ ಹಂತದಲ್ಲಿ ಎರಡಕ್ಕೆರಡೂ ಸೋಲು. ನಾವು ನಿಂತಿದ್ದ ವಾರಕ್ಕೆ ಮುಂಚೆ, ನವೆಂಬರ್ 27ರಂದು, ಕ್ಲಬ್ಬಿನ ಹೆಣ್ಣುಮಕ್ಕಳ ತಂಡ ಬ್ರಿಸ್ಬೇನನ್ನು ನಾಲ್ಕು ಅಂಕದಿಂದ ಸೋಲಿಸಿ ಕಪ್ಪು ಗೆದ್ದಿತ್ತು. ಕುರ್ಚಿಯ ಹೆಂಗಸರಿಬ್ಬರು ಅದರದೇ ಸ್ಕಾರ್ಫ್ ಸುತ್ತಿಕೊಂಡಿದ್ದರು, ಗಂಡು ಹುಡುಗರ ತಾಲೀಮನ್ನು ಸ್ವಲ್ಪ ಕರುಣೆಯಿಂದ ನೋಡುತ್ತಿದ್ದರು.

ಹನ್ನೊಂದರ ಹೊತ್ತಿಗೆ ಪಂದ್ಯದ ಮಾದರಿಯ ಆಟ ಶುರುವಾಯಿತು. ಇಬ್ಬರು ಒಂದೇ ಚೆಂಡಿಗೆ ನೆಗೆದರು. ಒಬ್ಬ ನಿಂತ, ಇನ್ನೊಬ್ಬ ಬಿದ್ದ. ಬಿದ್ದವನು ಬೆಳಗ್ಗೆ ಥಪ್ ಎನ್ನಿಸುತ್ತಿದ್ದ ಎಳೆಯ. ಮೊಣಕಾಲು ಹಿಡಿದುಕೊಂಡ. ಆ ಕ್ಷಣ ಗೆರೆಯಾಚೆಯ ಇಪ್ಪತ್ತೂ ಮಂದಿಯ ಉಸಿರು ನಿಂತದ್ದು ನನಗೆ ಕೇಳಿಸಿತು. ಸ್ವಾನ್ ಸ್ಟ್ರೀಟಿನ ಟ್ರಾಮಿನ ಗಂಟೆ ಕೇಳಿಸಿತು. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆ, ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ಮೂಲೆಯ ಓಟ. ಒಂದೂ ಪಂದ್ಯವಾಡದ ಹುಡುಗನ ಮೊದಲ ಹಂಗಾಮು ಡಿಸೆಂಬರಿನಲ್ಲೇ ಮುಗಿಯುತ್ತದೆ. ವೈದ್ಯೆ ಓಡಿಬಂದಳು, ಕಾಲನ್ನು ಮಡಿಸಿದಳು, ಬಿಡಿಸಿದಳು, ಏನೋ ಕೇಳಿದಳು. ಹುಡುಗ ಎದ್ದ. ಎರಡು ಹೆಜ್ಜೆ ಕುಂಟಿದ, ಮೂರನೆಯದಕ್ಕೆ ಓಡಿದ. ಮೊದಲ ಬಾರಿಗೆ ಅವನ ದನಿ ಎದ್ದಿತು. ತನ್ನನ್ನು ಬೀಳಿಸಿದ ಹಿರಿಯನಿಗೆ ಏನೋ ಅಂದ. ಅಂದದ್ದು ಇಲ್ಲಿ ಬರೆಯುವಂಥದ್ದಲ್ಲ. ಮುದುಕ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.

ಕೊನೆಗೆ ಸೀಟಿ. ಎಲ್ಲರೂ ಕೂಡಿ ಮೈ ಸಡಿಲಿಸಿದರು. ಮುಗಿಯಿತೆಂದುಕೊಂಡರೆ ಐದಾರು ಮಂದಿ ಉಳಿದು, ಒಬ್ಬೊಬ್ಬರೇ ಕಂಬಗಳ ಮುಂದೆ ನಿಂತು ಗೋಲಿಗೆ ಒದೆಯತೊಡಗಿದರು. ಇದು ಕಡ್ಡಾಯವಲ್ಲ, ಆದರೆ ಬಿಟ್ಟರೆ ಕೆಟ್ಟರು. ಸಾಕ್ಸ್ ಎಳೆದುಕೊಳ್ಳುವುದು, ಹುಲ್ಲು ಕಿತ್ತು ಗಾಳಿಗೆ ತೂರುವುದು, ಎಂಟು ಹೆಜ್ಜೆ ಹಿಂದೆ, ಉಸಿರು, ಓಟ. ಪ್ರತಿಯೊಬ್ಬನಿಗೂ ಅವನದೇ ಆದ ವಿಧಿ. 2021ರ ಆಗಸ್ಟಿನಲ್ಲಿ, ಜೀಲಾಂಗ್ ತಂಡದೆದುರು 44 ಅಂಕ ಹಿಂದಿದ್ದ ಪಂದ್ಯದಲ್ಲಿ, ನಾಯಕ ಮ್ಯಾಕ್ಸ್ ಗಾನ್ ಸೈರನ್ ಆದ ಮೇಲೆ ಒದ್ದ ಗೋಲಿನಿಂದಲೇ ಮೆಲ್ಬರ್ನ್ ಅಂಕಪಟ್ಟಿಯ ತುದಿಗೇರಿತು, 1964ರ ನಂತರ ಮೊದಲ ಸಲ. ಆರಡಿ ಎಂಟಿಂಚು ದಾಟಿದ ಗಡ್ಡಧಾರಿ, ಒದೆತಕ್ಕಿಂತ ನೆಗೆತಕ್ಕೆ ಹೆಸರಾದವನು. ಅಂಥ ಒಂದು ಒದೆತಕ್ಕೆ ಹಿಂದೆ, ಯಾರೂ ನೋಡದ ಎಷ್ಟು ಡಿಸೆಂಬರ್ ಮಧ್ಯಾಹ್ನಗಳು. ಯಾರೂ ನೋಡದ ಎಂದೆನೇ? ಮುದುಕ ನೋಡಿರುತ್ತಾನೆ.

ಬಲೆಚೀಲಕ್ಕೆ ಚೆಂಡು ತುಂಬುವವನು ಎಣಿಸುತ್ತ ಬಂದ. ಕೋನುಗಳನ್ನು ಒಂದರೊಳಗೊಂದು ಸೇರಿಸಿದರು. ಕುರ್ಚಿಯ ಹೆಂಗಸರು ಥರ್ಮಾಸ್ ಮುಚ್ಚಿದರು. ಬಯಲಿಗೆ ಆಗಲೇ ಒಬ್ಬಾಕೆ ತನ್ನ ಎರಡು ನಾಯಿಗಳನ್ನು ಬಿಟ್ಟಿದ್ದಳು, ಮುದುಕನ ಕಂದು ನಾಯಿ ಅವುಗಳ ಹಿಂದೆ ಓಡಿತು, ಅವನು ಬೈಯುತ್ತ ಅದರ ಹಿಂದೆ ನಡೆದ.

“ಮಾವ, ನಡೀರಿ. ಒಂದು ಗಂಟೆಗೆ ಡ್ಯೂಟಿ ನಂಗೆ.”

“ಒಂದ್ನಿಮಿಷ ಇರೋ,” ಎಂದೆ. ಮೂಲೆಯವನು ಇನ್ನೂ ಓಡುತ್ತಿದ್ದ. ಆಮಿ ಪಾರ್ಕಿನ ನೆರಳು ದಾಟಿ, ಬಿಸಿಲಿಗೆ ಬಂದು, ಕಂಬಗಳ ಹಿಂದೆ ಬಳಸಿ, ಗೆರೆಯ ಬಳಿ ಬಂದು ನಿಂತ. ಸ್ಟಾಪ್‌ವಾಚಿನವನು ಅವನ ಬೆನ್ನು ತಟ್ಟಿದ.

“ಒಂಬತ್ತು,” ಎಂದೆ, ವಾಪಸು ಬಂದ ಮುದುಕನಿಗೆ.

ಅವನು ತಲೆಯಾಡಿಸಿ ಎಂಟು ಎಂದ. ನಾಯಿಯ ಹಿಂದೆ ಹೋದಾಗ ಒಂದು ಸುತ್ತು ನಿಮ್ಮ ಕಣ್ತಪ್ಪಿತು ಎಂದು ನಾನು. ಇಲ್ಲ, ನೀವು ನಿಮ್ಮ ಬೌಲರನ ಕತೆ ಹೇಳುವಾಗ ಒಂದನ್ನು ಎರಡು ಸಲ ಎಣಿಸಿದಿರಿ ಎಂದು ಅವನು. ಸೋದರಳಿಯ ಕಾರಿನ ಕಡೆ ನಡೆಯತೊಡಗಿದ್ದ.